ಕುಂಕುಮದಡಿಯ ಕೆಂಪು ದೀಪ

ನನ್ನ ಗಂಡ ಶಿವಸ್ವಾಮಿ ಕಾರಿನ ಸ್ಟೇರಿಂಗು ಬಿಟ್ಟುಕೊಟ್ಟಾಗಲೇ ನನ್ನೆದೆ ಧಸಕ್ಕೆಂದಿತು. ಇವರು ಅಷ್ಟು ಸುಲಭಕ್ಕೆ ಬಿಡುವ ಗಿರಾಕಿಯಲ್ಲ. ನಾನು ಗುಂಡ್ಲುಪೇಟೆಯಲ್ಲಿ ಬಸ್ ಕಂಡಕ್ಟರ್. ದಿನವಿಡೀ ರಸ್ತೆ ಮೇಲೇ ಇರುವವಳು, ಲೈಸೆನ್ಸೂ ಇದೆ. ಆದರೂ ಕಾರಿನ ಕೀ ಮುಟ್ಟಿದರೆ ಸಾಕು, “ಟಿಕೆಟ್ ಅರಿಯೋದು ಬ್ಯಾರೆ, ಗಾಡಿ ಓಡ್ಸೋದು ಬ್ಯಾರೆ ಕಣಮ್ಮಿ” ಅಂತ ಹಂಗಿಸುತ್ತಿದ್ದರು.

ಅಂಥವರು ವಿಜಯದಶಮಿಯ ದಿನ, ತೆರಕಣಾಂಬಿ ದಾಟಿ ಸ್ವಲ್ಪ ದೂರ ಬಂದಿದ್ದೇ ತಡ, ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿಬಿಟ್ಟರು. ಹಬ್ಬದೂಟಕ್ಕೆ ಪುಣಜನೂರಿನ ನನ್ನ ತವರಿಗೆ ಹೊರಟಿದ್ದೆವು.

“ನೀನೇ ಓಡ್ಸು ಶಾಂತಿ. ಯಾಕೋ ಗ್ಯಾಸು ಎದೆಗೆ ಒತ್ತರಿಸ್ಕಂಡದೆ.”

ಮುಖ ನೋಡಿದೆ. ರಕ್ತವೇ ಇಲ್ಲದಂತೆ ಬಿಳಿಚಿಕೊಂಡಿತ್ತು. ಹಬ್ಬದ ಹೊಸ ಶರ್ಟು ಬೆವರಿಗೆ ಬೆನ್ನಿಗಂಟಿತ್ತು. ಎಡಗೈ ರಟ್ಟೆಯನ್ನು ಬಲಗೈಯಿಂದ ಹಿಸುಕಿಕೊಳ್ಳುತ್ತಿದ್ದರು. ಗ್ಯಾಸಂತೆ ಗ್ಯಾಸು! ನಮ್ಮ ಮಾವ ಮುದ್ದಯ್ಯನವರೂ ಗ್ಯಾಸು ಗ್ಯಾಸು ಅನ್ನುತ್ತಲೇ ಜಗುಲಿ ಮೇಲೆ ಕಣ್ಣು ಮುಚ್ಚಿದ್ದರು. ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಆದಷ್ಟು ಬೇಗ ಸೇರಿಸಬೇಕು, ಇಲ್ಲದಿದ್ದರೆ ಈ ಮನುಷ್ಯ ನನಗೆ ಉಳಿಯುವುದಿಲ್ಲ ಅನ್ನಿಸಿತು.

ಇವರನ್ನು ಪಕ್ಕದ ಸೀಟಿಗೆ ಒರಗಿಸಿ ನಾನು ಸ್ಟೇರಿಂಗು ಹಿಡಿದೆ. ಎಂಜಿನ್ ಚಾಲೂ ಇತ್ತು. ಎದುರಿನ ಮೀಟರು ಮಾತ್ರ ಕಾಣಲಿಲ್ಲ. ಹಿಂದಿನ ದಿನದ ಆಯುಧಪೂಜೆಯಲ್ಲಿ ಇವರು ಮೀಟರಿನ ಗಾಜಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಅದರ ಮೇಲೆ ಕುಂಕುಮವನ್ನು ಗೋಡೆಗೆ ಸುಣ್ಣ ಬಳಿದಂತೆ ಬಳಿದಿದ್ದರು. ಸೆರಗಿನಿಂದ ಒರೆಸಿದೆ. ಕುಂಕುಮ ಹೋಯಿತು, ಕೆಂಪು ಹೋಗಲಿಲ್ಲ. ತೊಟ್ಟಿಕ್ಕುವ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಒಳಗೆ ಉರಿಯುತ್ತಿತ್ತು.

“ರೀ, ಆಯಿಲ್ ಲೈಟು ಉರೀತಾ ಅದೆ!”

“ಅದು ಅಳೇ ಲೈಟು ಕಣಮ್ಮಿ. ಯಾವಾಗ್ಲೂ ಉರೀತದೆ. ಓಗನ ನಡಿ.”

“ಅಳೇದು ಅಳದಿ ಲೈಟು ಕಣ್ರೀ! ಇದು ಕೆಂಪು!”

ಎಂಜಿನ್ನಿನ ಹಳದಿ ದೀಪ ಈ ಕಾರು ಕೊಂಡಾಗಿನಿಂದ ಉರಿಯುತ್ತಲೇ ಇತ್ತು. ಮೆಕ್ಯಾನಿಕ್‌ಗೆ ತೋರಿಸಿ ಅಂತ ನಾನು ಬಡಕೊಂಡಿದ್ದೇ ಬಂತು, ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳದಿಗೆ ಹೆದರದೆ ಅಭ್ಯಾಸವಾದ ಇವರ ಕಣ್ಣಿಗೆ ಕೆಂಪೂ ಹಾಗೇ ಕಂಡಿತ್ತು. ಕೆಂಪು ಬಂತೆಂದರೆ ಒಳಗೆ ಆಯಿಲ್ ಏರುತ್ತಿಲ್ಲ, ಆ ಕ್ಷಣವೇ ಎಂಜಿನ್ ಆಫ್ ಮಾಡಬೇಕು. ಇದನ್ನು ನಮ್ಮ ಡಿಪೋದ ಡ್ರೈವರುಗಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆದರೆ ಪಕ್ಕದಲ್ಲಿ ಗಂಡ ನರಳುತ್ತಿದ್ದಾನೆ. ಕಾರು ಹಾಳಾಗಿ ಹೋಗಲಿ, ಹೊಡೆದುಕೊಂಡು ಹೋಗಿಬಿಡಲೇ? ಗೇರು ಹಾಕಿ ಬಿಟ್ಟೇಬಿಟ್ಟೆ. ನಾಲ್ಕು ಮಾರು ಹೋಗಿಲ್ಲ, ಬಾನೆಟ್ಟಿನೊಳಗೆ ಕಟಕಟ ಶುರುವಾಯಿತು. ಊರಿಲ್ಲದ ಕಡೆ, ತಿರುವಿನಲ್ಲಿ, ಹಿಂದೊಂದು ಲಾರಿ ಬರುವಾಗ ಎಂಜಿನ್ ಜಾಮ್ ಆದರೆ? ಆಗ ಕಾರೂ ಇಲ್ಲ, ಗಂಡನೂ ಇಲ್ಲ. ಕಾರನ್ನು ಪಕ್ಕಕ್ಕೆಳೆದು ಕೀ ತಿರುಗಿಸಿಬಿಟ್ಟೆ.

“ಯಾಕ್ ನಿಲ್ಲುಸ್ದೆ? ಸಾಯುಸ್ಬುಟ್ಟೀಯಾ?” ಅಂದರು ಇವರು, ಉಸಿರೆಳೆಯುತ್ತ.

“ಸಾಯ್ಬಾರ್ದು ಅಂತ್ಲೇ ನಿಲ್ಸಿರೋದು. ಸುಮ್ಕಿರಿ!”

ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿ ಎಳೆದೆ. ತುದಿಯಲ್ಲಿ ಎಣ್ಣೆಯ ಪಸೆಯೂ ಇರಲಿಲ್ಲ. ಬಗ್ಗಿ ನೋಡಿದರೆ ಬಂದ ದಾರಿಯುದ್ದಕ್ಕೂ ಕಪ್ಪು ಹನಿ. ಆಗ ಹೊಳೆಯಿತು ನನಗೆ. ಪೂಜೆಯಲ್ಲಿ ಕಾರಿನ ಮುಂದೆ ದಪ್ಪ ಕಲ್ಲಿಟ್ಟು ಅದರ ಮೇಲೆ ಕಾಯಿ ಒಡೆದಿದ್ದರು. ಆಮೇಲೆ ಕಲ್ಲನ್ನು ಸರಿಸದೆಯೇ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದ್ದರು. ಅಡಿಯಲ್ಲಿ ಟಣ್ ಅಂದಿತ್ತು. ಎಂಜಿನ್ ಆಯಿಲ್ ತುಂಬಿರುವ ಚೇಂಬರಿಗೇ ಬಡಿದಿರಬೇಕು. “ಏನ್ರೀ ಅದು ಸದ್ದು?” ಅಂತ ನಾನು ಕೇಳಿದ್ದಕ್ಕೆ, “ಒಳ್ಳೆ ಗಳಿಗೇಲಿ ಅಪಶಕುನ ನುಡೀಬ್ಯಾಡ” ಅಂತ ಗದರಿ ಕರ್ಪೂರ ಬೆಳಗಿದ್ದರು. ನಾನೂ ಕೆನ್ನೆ ಬಡಿದುಕೊಂಡು ಸುಮ್ಮನಾಗಿದ್ದೆ.

೧೦೮ಕ್ಕೆ ಫೋನ್ ಮಾಡಿದೆ. ಹತ್ತಿರದ ಗಾಡಿ ಬೇರೆ ಕೇಸಿಗೆ ಹೋಗಿದೆ, ಸ್ವಲ್ಪ ತಡವಾಗುತ್ತೆ ಅಂದರು. ಎರಡು ಕಾರು, ಒಂದು ಟೆಂಪೊ ಕೈ ತೋರಿಸಿದರೂ ನಿಲ್ಲಲಿಲ್ಲ. ಇವರ ತಲೆ ಕಿಟಕಿಗೆ ವಾಲುತ್ತಿತ್ತು. ಮಾದಪ್ಪ, ನಾನೇನು ಮಾಡಲಿ ಈಗ ಅಂತ ಜೋರಾಗಿ ಅತ್ತುಬಿಟ್ಟೆ.

ಅಷ್ಟರಲ್ಲಿ ದೂರದ ಏರಿನಲ್ಲಿ ಬಸ್ಸಿನ ಸದ್ದು ಕೇಳಿಸಿತು. ಅದು ನಮ್ಮದೇ ಡಿಪೋದ ಗಾಡಿ. ವ್ಯಾನಿಟಿ ಬ್ಯಾಗಿನಿಂದ ನನ್ನ ವಿಷಲ್ ತೆಗೆದು ನಡುರಸ್ತೆಯಲ್ಲಿ ನಿಂತು ಒಂದೇ ಸಮನೆ ಊದಿದೆ. ಡ್ರೈವರ್ ಪುಟ್ಟರಾಜು ಬ್ರೇಕ್ ಒತ್ತಿ ತಲೆ ಹೊರಗೆ ಹಾಕಿದ.

“ಏನಕ್ಕಾ, ರಸ್ತೆ ಮಧ್ಯದಲ್ಲಿ?”

“ನಮ್ಮೋರಿಗೆ ಎದೆನೋವು ಕಣಪ್ಪಾ! ಎತ್ತಿ ಆಕೊಳ್ರೋ!”

ಬಸ್ಸು ಹಬ್ಬದ ಜನರಿಂದ ಗಿಜಿಗುಡುತ್ತಿತ್ತು. ಆದರೂ ನಾಲ್ಕು ಜನ ಇಳಿದು ಎತ್ತಿಕೊಂಡರು, ಮೂರು ಜನರ ಸೀಟು ಖಾಲಿಯಾಯಿತು. ನಾನು ಎರಡು ವಿಷಲ್ ಹೊಡೆದೆ. ರೈಟ್! ಪುಟ್ಟರಾಜು ಮತ್ತೆ ಎಲ್ಲೂ ನಿಲ್ಲಿಸಲಿಲ್ಲ. ನಡುವೆ ಇಳಿಯಬೇಕಾದವರು ಒಬ್ಬರೂ ತುಟಿ ಬಿಚ್ಚಲಿಲ್ಲ.

ನನ್ನ ತೊಡೆ ಮೇಲಿದ್ದ ಇವರ ತಲೆ ಅಲುಗಿತು. “ನೆನ್ನಿಂದ್ಲೇ ನೋಯ್ತಿತ್ತು ಕಣಮ್ಮಿ. ಕಾಯಿ ಒಡ್ಯೋವಾಗ್ಲೇ ಇಡ್ಕತ್ತು.”

“ಏಳೋಕೇನಾಗಿತ್ತು ಬಾಯಿಗೆ?”

“ಹಬ್ಬದ ದಿನ... ಯಾಕೆ ಅಂತ.”

ಕೆನ್ನೆಗೆರಡು ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಬೆವರು ಒರೆಸಿದೆ. ಬಸ್ಸು ಸೀದಾ ಆಸ್ಪತ್ರೆಯ ಗೇಟಿನೊಳಕ್ಕೇ ನುಗ್ಗಿತು.

ರಕ್ತನಾಳ ಕಟ್ಟಿಕೊಂಡಿದೆ ಅಂತ ಹೇಳಿ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಸಂಜೆಗೆ ಒಳಗೆ ಬಿಟ್ಟರು. ಎದೆಗೆಲ್ಲ ವೈರು ಅಂಟಿಸಿಕೊಂಡು ಮಲಗಿದ್ದ ಮಹಾನುಭಾವರು ಕಣ್ಣು ಬಿಟ್ಟು ಕೇಳಿದ್ದೇನು ಗೊತ್ತೆ?

“ಗಾಡಿ?”

“ಹುಣಸೆ ಮರದತ್ರ ಅದೆ. ಮೆಕ್ಯಾನಿಕ್ ನೋಡವ್ನೆ. ಚೇಂಬರ್ ಬಿರುಕು ಬುಟ್ಟದೆ, ಎಂಜಿನ್ ಉಳ್ಕಂಡದೆ.”

ಕಣ್ಣನ್ನು ಫ್ಯಾನಿನ ಕಡೆ ತಿರುಗಿಸಿದರು. “ಆ ಟಣ್ ಅನ್ನೋ ಸದ್ದು ನಂಗೂ ಕೇಳುಸ್ತು ಕಣಮ್ಮಿ.”

ಕೈ ಹಿಡಿದುಕೊಂಡು, “ಈಗ ನೋಯ್ತದಾ?” ಅಂತಷ್ಟೇ ಕೇಳಿದೆ.

“ಇಲ್ಲ ಬುಡು.”

“ದಿಟ ಏಳಿ.”

ಇವರು ಬಾಗಿಲ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು.

“ವಸಿ ನೋಯ್ತದೆ ಕಣಮ್ಮಿ. ಭಯ ಆಯ್ತದೆ.”

ಇವರ ಬಾಯಿಂದ ಈ ಮಾತು ನಾನು ಎಂದೂ ಕೇಳಿರಲಿಲ್ಲ. ಕೈ ಬಿಡದೆಯೇ ಬಾಗಿಲ ಕಡೆ ತಿರುಗಿ, ವಾರ್ಡೆಲ್ಲ ಕೇಳುವಂತೆ, “ಸಿಸ್ಟರ್!” ಅಂತ ಕೂಗಿದೆ.