ಹೇರ್ಳೆ ಮಾಸ್ತರರ ಕಾವಲು

ಸುಬ್ಬರಾಯ ಹೇರ್ಳೆಯವರು ಪರೀಕ್ಷೆಯ ಕೋಣೆಗೆ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಬರುತ್ತಿದ್ದರು. ಸರಸ್ವತಿಯ ಮೇಲಿನ ಭಕ್ತಿಯೆಂದು ಹೊಸಬರು ಭಾವಿಸುತ್ತಿದ್ದರು. ಹೆಜ್ಜೆಯ ಸಪ್ಪಳಕ್ಕೆ ಕಾಪಿ ಹೊಡೆಯುವವರು ಎಚ್ಚತ್ತುಕೊಳ್ಳಬಾರದೆಂಬುದೇ ಅದರ ಗುಟ್ಟು. ಕುಂದಾಪುರದ ಮಾರ್ಚ್ ತಿಂಗಳ ಸೆಕೆಯಲ್ಲೂ ಕೊರಳವರೆಗೆ ಗುಂಡಿ ಬಿಗಿದ ಕರಿ ಕೋಟು, ಅದರೊಳಗೆ ನೆಟ್ಟಗೆ ನಿಂತ ಒಣಕಲು ದೇಹ, ಮಕ್ಕಳ ಬೆರಳುಗಳ ಮೇಲೆ ಸಾಲುಸಾಲಾಗಿ ಹರಿದಾಡುವ ಕಣ್ಣು. ಅದೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನಗೂ ಅವರು ಹಿಂದೆ ಬಂದು ನಿಂತರೆ ಬೆನ್ನು ಬೆವರುತ್ತಿತ್ತು. ಯಾರು ಎಷ್ಟೇ ವಾದಿಸಲಿ, "ನಾ ಕಂಡದ್ದ್ ಬರಿತೆ, ಅಷ್ಟೇ" ಎಂಬುದು ಅವರ ಕಡೆಯ ಮಾತು. ಸ್ವಂತ ತಮ್ಮನ ಮಗನನ್ನೇ ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದ ಮನುಷ್ಯ. ಗೌರವ ಕೊಡದೆ ಉಪಾಯವಿರಲಿಲ್ಲ.

ಯುದ್ಧದ ಕಾಲ, ಕಾಗದಕ್ಕೆ ಬರ. ಆ ವರ್ಷ ಎಸ್ಸೆಸ್ಸೆಲ್ಸಿಗೆ ಕೂತ ಏಕಮಾತ್ರ ಹುಡುಗಿ ಗೋಮತಿ, ಸಾಲಿಗ್ರಾಮದ ಕಡೆಯ ದೇವಸ್ಥಾನವೊಂದರ ಪರಿಚಾರಕರ ಮಗಳು. ಪಾಸಾದರೆ ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗ್, ಇಲ್ಲವಾದರೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪರೀಕ್ಷೆಗೆ ದೇವರ ಪ್ರಸಾದ ಹಿಡಿದುಕೊಂಡು ಬರುವುದು ನಮ್ಮ ಕಡೆಯ ಮಕ್ಕಳ ವಾಡಿಕೆ. ಗಣಿತದ ದಿನ ಹೇರ್ಳೆಯವರು ಅವಳ ಎಡಮುಷ್ಟಿಯನ್ನು ಬಿಡಿಸಿದರು. ಪೊಟ್ಟಣ ಬಿಚ್ಚಿ ಕುಂಕುಮ ನೆಲಕ್ಕೆ ಚೆಲ್ಲಿತು. ಕಾಗದದ ಮೇಲೆ ಅವಳದೇ ಅಕ್ಷರವಿತ್ತು.

ಮರುದಿನ ಅವಳ ತಂದೆ ಓಡಿ ಬಂದರು. "ಪ್ರಸಾದ ಕಟ್ಟುಕೆ ಕಾಗ್ದ ಎಲ್ಲಿತ್ತ್ ಮಾಷ್ಟ್ರೇ? ಅವ್ಳ್ ಹಳೆ ನೋಟ್ಸ್ ಪುಸ್ತಕದ್ ಹಾಳಿ ಹರ್ದ್ ಕಟ್ಟಿದ್ದ್ ನಾನೇ. ಹೆಣ್ಣಿಗ್ ಎಂತದೂ ಗೊತ್ತಿಲ್ಲ."

ಹಾಳೆಯಲ್ಲಿದ್ದದ್ದು ಅಶೋಕನ ಶಾಸನಗಳು, ಅದರಿಂದ ಯಾವ ಲೆಕ್ಕ ಬಿಡಿಸಿಯಾಳು ಎಂದು ನಾನೂ ರೇಗಿದೆ.

"ಬರ್ದ ಕಾಗ್ದ ಬರ್ದ ಕಾಗ್ದವೇ," ಎಂದರು ಹೇರ್ಳೆ. ವರದಿ ಮದರಾಸಿಗೆ ಹೋಯಿತು, ಹುಡುಗಿ ಡಿಬಾರ್ ಆದಳು. ಕಂಡದ್ದನ್ನೇ ಬರೆಯುವವರು ಕುಂಕುಮದ ಮಾತನ್ನು ಬರೆದಿರಲಿಲ್ಲ.

ಕಾಪಿ ಹೊಡೆದವಳೆಂದು ಹೆಸರು ಬಿದ್ದ ಮೇಲೆ ಮದುವೆಯ ಮಾತೂ ಮುರಿಯಿತು. ಗೋಮತಿ ಬಾಯಿ ಬಿಡುವುದನ್ನೇ ಬಿಟ್ಟಳು. ಮಾರನೆಯ ವರ್ಷ ಕೋಟದ ಒಂದು ಉಪನಯನದ ಊಟಕ್ಕೆ ನಾನೂ ಹೇರ್ಳೆಯವರೂ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ನೀರು ಬಡಿಸುತ್ತ ಬಂದ ಗೋಮತಿ, ಅವರ ಎಲೆಯೆದುರು ಗಿಂಡಿಯನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಿದಳು.

"ಯಾರ್ ಎದ್ರ್ ಬಂದ್ರೂ ಹೀಂಗೇ ಮಾಡುತ್ತ್, ನೀವ್ ಉಣ್ಣಿ," ಎಂದರು ಅವಳ ತಾಯಿ.

ನನಗೆ ಅನ್ನ ಇಳಿಯಲಿಲ್ಲ. ಹೇರ್ಳೆಯವರು ಉಂಡರು.

ಇಂಥವರು ಕೆಟ್ಟವರಲ್ಲ, ಅದೇ ನನ್ನ ಸಂಕಟ. ಕೆಟ್ಟವನಾದರೆ ಎಂದಾದರೂ ಒಂದು ದಿನ ಪಶ್ಚಾತ್ತಾಪ ಪಟ್ಟಾನು. ತನ್ನ ಪ್ರಾಮಾಣಿಕತೆಯ ಬಗ್ಗೆ ಎಳ್ಳಷ್ಟೂ ಸಂಶಯವಿಲ್ಲದವನು ಎಳೆಯ ಜೀವವೊಂದನ್ನು ಹೊಸಕಿ ಹಾಕಿ, ಕೈತೊಳೆದು, ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಾನೆ.