ಹಗೇವಿನ ಮೇಲಿನ ಗೋಡೆ

ಕಂಪಲಾಪುರದ ಬೀಗ ಮಂಟಯ್ಯ ಗಾಡಿ ಇಳಿದವನೇ ನೆಟ್ಟಗೆ ನಡುಮನೆಗೆ ನುಗ್ಗಿ, ಬಡಗಲ ಗೋಡೆಯ ಬಿರುಕಿಗೆ ತನ್ನ ಹೆಬ್ಬೆರಳು ತೂರಿಸಿದ. ಬೆರಳು ಬುಡದವರೆಗೂ ಒಳಕ್ಕೆ ಹೋಯಿತು.

"ಈ ಗೋಡೆ ಪಕ್ಕ ಮಲಗಕ್ಕೆ ನಮ್ಮ ಸೊಸೇನ ನಾನು ಕಳಿಸಾಕಿಲ್ಲ ಕಣ್ರವ್ವ," ಅಂದ. "ಸರಿ ಮಾಡಿಸಿ, ಆಮೇಕೆ ನೋಡಾನ."

ಅಷ್ಟೇ. ಬಂದ ಗಾಡಿ ಹನಗೋಡಿನ ಬೀದಿಯಲ್ಲಿ ಹಾಗೇ ತಿರುಗಿಕೊಂಡು ಹೋಯಿತು.

ಚಿಕ್ಕಸಿದ್ದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇರುವವಳು ಒಬ್ಬಳೇ ಮಗಳು, ತಿಮ್ಮಮ್ಮ. ಚೊಚ್ಚಲ ಬಸಿರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನೋದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಏಳನೇ ತಿಂಗಳು ಮುಗಿಯೋದಕ್ಕೆ ಇನ್ನು ಹನ್ನೆರಡೇ ದಿನ. ಎಂಟರಲ್ಲಿ ಬಸುರಿಯನ್ನು ಕಳಿಸುವ ಪದ್ಧತಿ ಇಲ್ಲ. ಒಂಬತ್ತರಲ್ಲಿ ಆ ಹಳ್ಳದಿಣ್ಣೆಯ ದಾರಿಯಲ್ಲಿ ಗಾಡಿ ಹತ್ತಿಸಿದರೆ ಹೆರಿಗೆ ಗಾಡಿಯಲ್ಲೇ ಆದೀತು. ಸಾಲದ್ದಕ್ಕೆ ಇನ್ನೊಂದು ಕಟ್ಟುಪಾಡು: ಬಸುರಿ ಇರುವ ಮನೆಯಲ್ಲಿ ಪಾಯ ಅಗೆಯುವಂತಿಲ್ಲ. ಮಗಳು ಹೊಸ್ತಿಲು ದಾಟಿ ಒಳಗೆ ಬಂದಳೋ, ಆಮೇಲೆ ಹಾರೆ ಮುಟ್ಟುವ ಹಾಗೇ ಇಲ್ಲ. ಏನೇ ಆಗುವುದಿದ್ದರೂ ಈ ಹನ್ನೆರಡು ದಿನದೊಳಗೆ ಆಗಿ ಮುಗಿಯಬೇಕು.

"ಹುಚ್ಚಯ್ಯನ ಕರ್ಕಂಡು ಬನ್ನಿ, ಏಳಿ!" ಅಂತ ಗಂಡ ಚೆಲುವಯ್ಯನ ಮೇಲೆ ಹರಿಹಾಯ್ದಳು.

"ನಾಳೆ..." ಅಂತ ಅವನು ರಾಗ ಎಳೆಯುವಷ್ಟರಲ್ಲಿ ತಾನೇ ಸೆರಗು ಸಿಕ್ಕಿಸಿಕೊಂಡು ಹೊರಟಳು. ಪಾಪ, ಚೆಲುವಯ್ಯ ಕೆಟ್ಟವನಲ್ಲ. ಆದರೆ ಆ ಬಿರುಕು ಕೂದಲೆಳೆಯಷ್ಟಿದ್ದಾಗಿನಿಂದ ಅವನು 'ನಾಳೆ' ಅಂದುಕೊಂಡೇ ಬಂದಿದ್ದ. ಹೋದ ಮಳೆಗಾಲದಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹಿತ್ತಲಿಗೆ ನೀರು ಬಂದಾಗಲೂ ಅದೇ ಮಾತು ಆಡಿದ್ದ.

ಹುಚ್ಚಯ್ಯ ಕನ್ನಂಬಾಡಿ ಕಟ್ಟೆಗೆ ಏಳು ವರ್ಷ ಕಲ್ಲು ಕೂರಿಸಿ ಬಂದವನು. ಬಂದವನು ಬಿರುಕನ್ನು ನೋಡಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು, ಗೋಡೆಯ ಬುಡವನ್ನು ಹಾರೆ ತುದಿಯಿಂದ ಕುಟ್ಟುತ್ತ, ಕಿವಿ ಕೊಟ್ಟು ಕೇಳುತ್ತ ಉದ್ದಕ್ಕೂ ಸರಿದ.

"ಗೋಡೆ ಗಟ್ಟಿಯಾಗೇ ಐತೆ ಕಣವ್ವ. ಕೆಳಗೆ ಪಾಯ ಕುಸೀತಾ ಐತೆ. ನೀನು ವರ್ಷಾ ವರ್ಷಾ ಬಿರುಕಿಗೆ ಮಣ್ಣು ಮೆತ್ತಿದ್ದು ದಂಡ."

"ಎಷ್ಟು ದಿನ ಬೇಕು?"

"ಹತ್ತು."

"ಎಂಟಕ್ಕೆ ಮುಗಿಸು."

"ಹತ್ತು ಅಂದ್ರೆ ಹತ್ತೇಯ. ಮೊದಲೇ ಹೇಳ್ಬುಡ್ತೀನಿ, ಕೇಳಿಸ್ಕೊ. ನಾಳೆಯಿಂದ ಇದು ಮನೆ ಅಲ್ಲ. ಒಲೆ ಹಿತ್ತಲಿಗೆ, ನೀವು ಕೊಟ್ಟಿಗೆಗೆ. ತೊಲೆಗೆಲ್ಲ ಕಂಬ ಕೊಟ್ಟು ಸೂರಿನ ಭಾರಾನ ಗೋಡೆ ಮೇಲಿಂದ ತೆಗೀತೀನಿ. ಆಗ ಮನೆ ನರಳ್ತದೆ. ಹೆಂಚು ಜಾರ್ತವೆ. ಬಿರುಕು ಮುಚ್ಚಕೆ ಮುಂಚೆ ಇನ್ನೂ ಅಗಲ ಆಯ್ತದೆ. ಆಗ ನೀನು ಎದೆ ಬಡ್ಕಂಡು ಅಳಬಾರದು."

"ನಾನ್ಯಾಕೆ ಅಳ್ಳಿ?"

"ಎಲ್ರೂ ಅಳ್ತಾರೆ," ಅಂದ ಹುಚ್ಚಯ್ಯ, ಎಲೆಗೆ ಸುಣ್ಣ ಹಚ್ಚುತ್ತ.

ಅತ್ತಳು, ಮಾರನೇ ದಿನವೇ. ಕಂಬಗಳ ಬುಡಕ್ಕೆ ಬೆಣೆ ಬಡಿದು ತೊಲೆ ಎತ್ತಿದಾಗ ಇಡೀ ಮನೆ 'ಕಿರ್ರ್' ಅಂತ ಕೂಗಿತು. ಮೂರು ಹೆಂಚು ಸರ್ರನೆ ಜಾರಿ ಅಂಗಳದಲ್ಲಿ ಚೂರಾದವು. ಬಿರುಕು ಅವಳ ಕಣ್ಣೆದುರಿಗೇ ಬಾಯಿ ಬಿಟ್ಟು ಆಚೆಯ ಬೆಳಕು ತೋರಿಸಿತು. "ಅಯ್ಯಯ್ಯೋ, ನನ್ ಮನೆ ಕೆಡವಿಬುಟ್ಟ ಕಣ್ರಪ್ಪೋ!" ಅಂತ ಬೀದಿಗೆ ಓಡಿದಳು. ಹುಚ್ಚಯ್ಯ ತಿರುಗಿಯೂ ನೋಡಲಿಲ್ಲ.

ಅದೊಂದು ದಿನ ಅಷ್ಟೇ. ಮೂರನೇ ದಿನಕ್ಕೆ ಅವಳಿಗೆ ಕೆಲಸದ ಹುಚ್ಚು ಹಿಡಿಯಿತು! ಹುಚ್ಚಯ್ಯ ಉದ್ದಕ್ಕೂ ಅಗೆಯುತ್ತಿರಲಿಲ್ಲ. ಒಂದು ಮೊಳ ಅಗೆದು, ಹಳೇ ಸಡಿಲ ಕಲ್ಲು ತೆಗೆದು, ದಪ್ಪ ಕಾಡುಗಲ್ಲು ಕೂರಿಸಿ, ಗಾರೆ ತುಂಬಿ, ಪಕ್ಕದ ಎರಡು ಮೊಳ ಹಾಗೇ ಬಿಟ್ಟು ಮುಂದಿನದಕ್ಕೆ ಹಾರೆ ಹಾಕುತ್ತಿದ್ದ. "ಒಂದೇ ಸಲಕ್ಕೆ ಎಲ್ಲ ಅಗದ್ರೆ ಗೋಡೆ ನನ್ನ ಮೇಲೇ ಮಲಗ್ತದೆ," ಅಂತ ಅವಳಿಗೆ ಬಿಡಿಸಿ ಹೇಳಿದ. ಚಿಕ್ಕಸಿದ್ದಮ್ಮ ಮಂಕರಿಯಲ್ಲಿ ಕಲ್ಲು ಹೊತ್ತಳು, ಗಾರೆಗೆ ನೀರು ತಂದಳು. ಬೆಳಗಾಗೆದ್ದು ಹುಲ್ಲುಕಡ್ಡಿ ಹಿಡಿದು ಬಿರುಕಿನ ಅಗಲ ಅಳೆದಳು. ನಾಲ್ಕನೇ ದಿನ ಕಡ್ಡಿ ಹಿಡಿಸಲಿಲ್ಲ. "ಮುಚ್ಕತಾ ಐತೆ! ಬನ್ನಿ ನೋಡ್ಬನ್ನಿ!" ಅಂತ ಕೊಟ್ಟಿಗೆಯಲ್ಲಿ ಮಲಗಿದ್ದ ಗಂಡನನ್ನು ಎಳೆದುಕೊಂಡು ಬಂದು ತೋರಿಸಿದಳು. ಮೈತುಂಬ ಧೂಳು, ರಾಗಿಮುದ್ದೆಯಲ್ಲೂ ಧೂಳು. ಆದರೂ ಮಗಳ ಮದುವೆ ಆದಮೇಲೆ ಅವಳು ಇಷ್ಟು ಖುಷಿಯಾಗಿದ್ದೇ ಇಲ್ಲ.

ಐದನೇ ದಿನ ಬೆಳಿಗ್ಗೆ, ಮೂಲೆಯ ಹತ್ತಿರ ಹುಚ್ಚಯ್ಯ ಹಾರೆ ಎತ್ತಿ ಹಾಕಿದ. ಹಾರೆ ಕೈ ಬಿಟ್ಟುಹೋಯಿತು. ಪೂರಾ ಹೋಯಿತು! ಒಂದು ಗಳಿಗೆ ಬಿಟ್ಟು ಎಲ್ಲೋ ಪಾತಾಳದಲ್ಲಿ 'ಧಡ್' ಅಂದಿತು.

ಹುಚ್ಚಯ್ಯ ಹಿಂದಕ್ಕೆ ಹಾರಿದ. ಮಣ್ಣು ಕುಸಿದು, ಬೀಸುಕಲ್ಲಿನಷ್ಟು ಅಗಲದ ಬಾಯಿ ತೆರೆಯಿತು.

"ಹಗೇವು!" ಅಂದ ಚೆಲುವಯ್ಯ. ಅವನ ಬಾಯಿಂದ ಅಷ್ಟು ಬೇಗ ಮಾತು ಬಂದದ್ದು ಅದೇ ಮೊದಲು. "ನಮ್ಮ ತಾತ ಅಂಗಳದಲ್ಲಿ ರಾಗಿ ತುಂಬೋ ಹಗೇವು ಇತ್ತು ಅಂತಿದ್ದ. ಆಮೇಲೆ ಮನೆ ದೊಡ್ಡದು ಮಾಡುವಾಗ ಅದರ ಮೇಲೇ ಗೋಡೆ ಎಬ್ಬಿಸಿಬುಟ್ಟವ್ರೆ!"

ಸುದ್ದಿ ಊರಿಗೆ ಹೋಗುವಷ್ಟರಲ್ಲಿ ಹಗೇವು ಚಿನ್ನದ ಕೊಪ್ಪರಿಗೆ ಆಗಿತ್ತು. ಅಂಗಳದ ತುಂಬ ಜನ. ಹುಚ್ಚಯ್ಯ ಹಣತೆಗೆ ಹಗ್ಗ ಕಟ್ಟಿ ಇಳಿಬಿಟ್ಟ. ಎರಡಾಳು ಕೆಳಗೆ ಹೋಗುತ್ತಲೇ ದೀಪ ಪಕ್ಕನೆ ಆರಿತು. "ಯಾರೂ ಇಳೀಬ್ಯಾಡ್ರಲಾ, ಒಳಗೆ ಕೆಟ್ಟ ಗಾಳಿ ತುಂಬ್ಕಂಡೈತೆ," ಅಂತ ಗದರಿದ. ಬಾಯಿ ತೆರೆದಿಟ್ಟು, ಸೊಪ್ಪಿನ ಕೊಂಬೆಯಲ್ಲಿ ಗಾಳಿ ಬೀಸಿ, ಮಧ್ಯಾಹ್ನ ಮತ್ತೆ ದೀಪ ಬಿಟ್ಟರು. ಉರಿಯಿತು. ತಳದಲ್ಲಿ ಇದ್ದದ್ದು ಹುಚ್ಚಯ್ಯನ ಹಾರೆ, ಕಪ್ಪಗಾದ ಒಂದು ಬೊಗಸೆ ರಾಗಿ, ಬೇಕಾದಷ್ಟು ಕೆಸರು. ಚಿನ್ನ ನೋಡಲು ಬಂದವರು ಮುಖ ಸಿಂಡರಿಸಿಕೊಂಡು ಹೋದರು.

ಹುಚ್ಚಯ್ಯ ಬೆರಳು ಮಡಿಸಿ ಲೆಕ್ಕ ಹಾಕಿದ. "ಕೆಸರು ಎತ್ತಿ, ತಳದಿಂದ ಕಲ್ಲು ತುಂಬಿ ಕುಟ್ಟಿ ದಮ್ಮಸ್ಸು ಹಾಕ್ಬೇಕು. ನಾಕು ದಿನ. ಮಿಕ್ಕಿದ ಪಾಯಕ್ಕೆ ಐದು. ಒಂಬತ್ತಾತು."

ಉಳಿದಿದ್ದದ್ದು ಏಳು ದಿನ. ಚಿಕ್ಕಸಿದ್ದಮ್ಮ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತಳು. ಎರಡೇ ಎರಡು ದಿನ! ಎರಡು ದಿನಕ್ಕೋಸ್ಕರ ಮಗಳ ಬಾಣಂತನ ಕೈತಪ್ಪಿ ಹೋಗೋದಾ?

"ಹಲಗೆ ಮುಚ್ಚಿ ಮೇಲೆ ಮಣ್ಣು ಬಳದ್ರೆ ಬೀಗ್ರಿಗೆ ಏನು ಗೊತ್ತಾಯ್ತದೆ?" ಅಂದ ಚೆಲುವಯ್ಯ ಮೆಲ್ಲಗೆ.

ಹುಚ್ಚಯ್ಯ ಉಗುಳಿ ಬಂದ. "ಮುಚ್ತೀನಿ, ಹೇಳಿ. ಒಂದು ಮಳೆಗಾಲ ತಡೀತದೆ. ಎರಡನೇದಕ್ಕೆ ನಾನು ಜವಾಬ್ದಾರ ಅಲ್ಲ."

ಅಷ್ಟರಲ್ಲೇ ಬೀದಿಯಲ್ಲಿ ಎತ್ತಿನ ಗಂಟೆ ಕೇಳಿಸಿತು. ಚೆಲುವಯ್ಯ ಇಣುಕಿದವನು ಬಿಳಿಚಿಕೊಂಡ. ಮಂಟಯ್ಯ! ಕೆಲಸ ಹೇಗೆ ನಡೆದಿದೆ ಅಂತ ಹೇಳದೆ ಕೇಳದೆ ನೋಡಲು ಬಂದಿದ್ದ. ಚೆಲುವಯ್ಯ ಅತ್ತ ಇತ್ತ ನೋಡಿ, ಜಗಲಿಯ ಮೇಲಿದ್ದ ಈಚಲು ಚಾಪೆಯನ್ನು ಬಾಚಿ ತಂದು ಹಗೇವಿನ ಬಾಯಿಗೆ ಹಾಸಿಬಿಟ್ಟ. ಚಿಕ್ಕಸಿದ್ದಮ್ಮ ಬೇಡ ಅನ್ನಲಿಲ್ಲ.

ಮಂಟಯ್ಯ ಒಳಗೆ ಬಂದ. ಕಂಬಗಳನ್ನು ನೋಡಿದ, ಹೊಸ ಕಲ್ಲು ಮುಟ್ಟಿದ. "ಪರವಾಗಿಲ್ಲ," ಅಂದ. ಬಿರುಕಿನ ಕಡೆಗೇ ಕತ್ತೆತ್ತಿ ನೋಡುತ್ತ ಮೂಲೆಗೆ ನಡೆದ. ಚಾಪೆಗೆ ಇನ್ನು ಮೂರು ಹೆಜ್ಜೆ. ಎರಡು.

"ನಿಂತ್ಕಳ್ಳಿ ಬೀಗ್ರೇ!" ಚಿಕ್ಕಸಿದ್ದಮ್ಮ ಕಿರುಚಿಕೊಂಡು ಅಡ್ಡ ಬಂದಳು. ಬೀಗರ ಮೈ ಮುಟ್ಟಬಾರದು ಅನ್ನೋದು ನೆನಪಾಗದೆ ಅವನ ತೋಳನ್ನೇ ಹಿಡಿದು ಹಿಂದಕ್ಕೆ ಎಳೆದಳು. ಇನ್ನೊಂದು ಕೈಯಲ್ಲಿ ಚಾಪೆ ಕಿತ್ತು ಬಿಸಾಡಿದಳು. "ನೋಡ್ಬುಡಿ. ಮುಚ್ಚಿಡ್ಬೇಕು ಅಂತಿದ್ವಿ. ನಮ್ಮ ಕೈಲಾಗಲಿಲ್ಲ. ಇನ್ನು ಒಂಬತ್ತು ದಿನದ ಕೆಲಸ ಐತೆ, ಏಳೇ ದಿನ ಉಳದಿರೋದು. ಕಳಿಸಾಕಿಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ."

ಮಂಟಯ್ಯ ಬಗ್ಗಿ ಆ ಕತ್ತಲೆ ಬಾಯಿಯೊಳಗೆ ನೋಡಿದ. ಬಯ್ಯುತ್ತಾನೆ, ಇನ್ನೇನು ಬಯ್ಯುತ್ತಾನೆ ಅಂತ ಅವಳು ಎದೆ ಗಟ್ಟಿ ಮಾಡಿಕೊಂಡಳು.

"ನಮ್ಮನೇಲೂ ಒಂದು ಬಿರುಕೈತೆ," ಅಂದ ಅವನು. "ಇದಕ್ಕಿಂತ ದೊಡ್ಡದು. ರಾಗಿ ತುಂಬೋ ವಾಡೆ ಹಿಂದೆ ಮರೆ ಮಾಡಿವ್ನಿ."

ಚಿಕ್ಕಸಿದ್ದಮ್ಮ ಹಿಡಿದಿದ್ದ ತೋಳು ಬಿಟ್ಟಳು. "ನನ್ ಮಗಳು... ಆ ಗೋಡೆ ಪಕ್ಕ ಮಲಗ್ತಾ ಅವ್ಳಾ?"

"ಇಲ್ಲ ಕಣವ್ವ. ಅವಳನ್ನ ಒಳಮನೆಗೆ ಹಾಕಿವ್ನಿ. ಆ ಗೋಡೆ ಪಕ್ಕ ನಾನು ಮಲಗ್ತೀನಿ. ನಾಕು ತಿಂಗಳಾತು." ಅವನ ದನಿ ಕುಗ್ಗಿತು. "ಪಾಯ ಅಗೆಸಾನ ಅಂದ್ರೆ ಬಸುರಿ ಮನೇಲವ್ಳೆ. ತವರಿಗೆ ಕಳಿಸಾನ ಅಂದ್ರೆ ನಿಮ್ಮ ಗೋಡೆನೂ ಇಂಗೇ ಐತೆ. ನಾನೇನು ಮಾಡ್ಲಿ? ಜೋಯಿಸರನ್ನ ಕೇಳ್ದೆ. ಅವಳು ತವರಿಗೆ ಕಾಲಿಟ್ಟ ದಿನವೇ ನಮ್ಮನೇಲಿ ಅಗೀಬೋದಂತೆ."

"ಅವತ್ತೇ ಇದನ್ನ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಬೀಗ್ರ ಮುಂದೆ ಎಂಗವ್ವ ಹೇಳಾದು?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಈ ಐದು ದಿನದಲ್ಲಿ ಈ ಮನುಷ್ಯನಿಗೆ ಹಾಕಿದ ಶಾಪ ಒಂದೆರಡಲ್ಲ. ಸೆರಗಲ್ಲಿ ಮೂಗು ಒರೆಸಿಕೊಂಡು, "ಅಂಗಾದ್ರೆ ಈ ಗುಂಡಿ ಬೇಗ ತುಂಬ್ಬೇಕಲ್ಲ," ಅಂದಳು.

"ಅದಕ್ಕೇನು!" ಅಂದವನೇ ಮಂಟಯ್ಯ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ. ಪಂಚೆ ಎತ್ತಿ ಕಟ್ಟಿದ. ಹಗ್ಗ ಹಿಡಿದು ಇಳಿದೇಬಿಟ್ಟ! ಬೀಗರು ಗುಂಡಿಯಲ್ಲಿ ಕೆಸರು ಎತ್ತುವುದನ್ನು ಹನಗೋಡು ಕಂಡಿರಲಿಲ್ಲ, ಚಿನ್ನಕ್ಕೆ ಬರದಿದ್ದವರೂ ಈಗ ಬಂದರು. ಬಂದವರ ಕೈಗೆಲ್ಲ ಚಿಕ್ಕಸಿದ್ದಮ್ಮ ಮಂಕರಿ ಕೊಟ್ಟಳು. ಮಾರನೇ ದಿನ ಕಂಪಲಾಪುರದಿಂದ ಎರಡು ಗಾಡಿ ಕಲ್ಲಿನ ಜೊತೆ ನಾಲ್ಕು ಆಳು ಬಂದರು. ಚೆಲುವಯ್ಯ ದಮ್ಮಸ್ಸು ಹಿಡಿದು 'ಹೈಸಾ' ಅಂತ ಕುಟ್ಟಿದ್ದೇ ಕುಟ್ಟಿದ್ದು, ಬಾಯಲ್ಲಿ ಒಂದು ಸಲವೂ 'ನಾಳೆ' ಬರಲಿಲ್ಲ. ಎರಡು ದಿನಕ್ಕೆ ಹಗೇವು ತುಂಬಿತು. ಹನ್ನೊಂದನೇ ದಿನ ಸಂಜೆ ಕೊನೆಯ ಮೊಳಕ್ಕೆ ಗಾರೆ ಬಿತ್ತು. "ಕಂಬ ಒಂದು ತಿಂಗಳು ಅಂಗೇ ಇರ್ಲಿ, ಗಾರೆ ಒಣಗೋಗಂಟ ಸುಣ್ಣ ಬಳೀಬ್ಯಾಡ," ಅಂತ ಹುಚ್ಚಯ್ಯ ತಾಕೀತು ಮಾಡಿದ.

ಹನ್ನೆರಡನೇ ದಿನ ಗಾಡಿ ಬಂತು. ತಿಮ್ಮಮ್ಮ ಹೊಟ್ಟೆ ಹಿಡಿದುಕೊಂಡು ಇಳಿದಳು. ಅವಳು ಇಳಿದ ಗಾಡಿಗೇ ಹುಚ್ಚಯ್ಯ ಹಾರೆ, ಗುದ್ದಲಿ ಎಸೆದು ಹತ್ತಿ ಕೂತ. ಮಂಟಯ್ಯ ಎತ್ತಿನ ಕೊರಳು ಬಿಚ್ಚಲೂ ಬಿಡದೆ, "ಬತ್ತೀವಿ ಕಣವ್ವ!" ಅಂತ ಕೂಗಿ ಹೊಡೆಸಿಕೊಂಡು ಹೋದ.

ಚಿಕ್ಕಸಿದ್ದಮ್ಮ ಆರತಿ ಎತ್ತಿ, ಮಗಳನ್ನು ಕೈಹಿಡಿದು ಒಳಗೆ ಕರೆತಂದಳು. ತಿಮ್ಮಮ್ಮ ಇನ್ನೂ ತೇವವಿದ್ದ ಗೋಡೆಯ ಬುಡವನ್ನು ಅಂಗೈಯಲ್ಲಿ ಸವರಿದಳು.

"ನಿಮ್ಮ ಮಾವ ಅವಸರದಲ್ಲಿ ಹೋದ್ರು, ಯಾಕೆ ಅಂತ ಗೊತ್ತೇನೇ?" ಅಂದಳು ತಾಯಿ.

"ಗೊತ್ತು ಕಣವ್ವ. ವಾಡೆ ಹಿಂದಿನ ಗೋಡೆ. ನಂಗೆ ಗೊತ್ತಾಗಬಾರದು ಅಂತ ಎಲ್ರೂ ಮುಚ್ಚಿಟ್ಟಿದ್ರು. ದಿನಾ ರಾತ್ರಿ, ಗೋಡೆ ಎಲ್ಲಿ ಬಿದ್ಬುಡ್ತೋ ಅಂತ, ಮಾವನ ಕೆಮ್ಮು ಕೇಳಿಸ್ತದಾ ಅಂತ ಕಿವಿ ಕೊಟ್ಕಂಡು ಎಚ್ಚರವಾಗೇ ಬಿದ್ದಿರ್ತಿದ್ದೆ."

ಚಿಕ್ಕಸಿದ್ದಮ್ಮ ಮಗಳ ತಲೆ ನೇವರಿಸಿ, ಕಂಬಗಳ ನಡುವೆ ಚಾಪೆ ಹಾಸಿ, ಮೇಲೊಂದು ಕಂಬಳಿ ಹಾಕಿದಳು. ತಿಮ್ಮಮ್ಮ ಗೋಡೆ ಕಡೆಗೆ ಮುಖ ಮಾಡಿ ಮಲಗಿದಳು. ತಾಯಿ ಒಲೆ ಮೇಲಿನ ಸಾರು ಇಳಿಸಿ ಬರುವಷ್ಟರಲ್ಲಿ ನಿದ್ದೆ ಹತ್ತಿತ್ತು. ಆ ದಿನ ಅವಳು ಊಟಕ್ಕೆ ಕರೆದರೂ ಏಳಲಿಲ್ಲ.