ಹಿಂಬಾಗಿಲಿನ ಬೀಗ

ಹಳೆಯ ಕಟ್ಟಡ ಕೊಂಡು, ಒಳಗಿದ್ದವರನ್ನು ಎಬ್ಬಿಸಿ, ಕೆಡವಿ, ಹೊಸದು ಕಟ್ಟಿ ಮಾರುವ ಕಂಪನಿಯ ಮುಖ್ಯಸ್ಥೆ ಅವಳು. ಆಫೀಸಿನಲ್ಲಿ ಎಲ್ಲರಿಗೂ ಮೇಡಂ, ತಮ್ಮನೊಬ್ಬನಿಗೆ ಮಾತ್ರ ಅಕ್ಕ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ಅವಳು ಕಾಲೇಜು ಬಿಟ್ಟು, ಬಾಡಿಗೆ ಮನೆ ತೋರಿಸುವ ದಲ್ಲಾಳಿಯೊಬ್ಬನ ಹತ್ತಿರ ಕೆಲಸಕ್ಕೆ ಸೇರಿ ತಮ್ಮನನ್ನು ಸಾಕಿದಳು.

ಅಲ್ಲಿಂದ ಅವಳು ಮೇಲೇರಿದ್ದು ಒಂದೇ ವಿದ್ಯೆಯಿಂದ. ಜನರನ್ನು ಅವರ ಮನೆಯಿಂದ ಹೊರಡಿಸುವ ವಿದ್ಯೆ. ಬೇರೆ ಕಂಪನಿಯವರು ರೌಡಿಗಳನ್ನು ಕಳಿಸುತ್ತಿದ್ದರು. ಅವಳು ತಾನೇ ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಸೋರುವ ನಲ್ಲಿಯ ಕಥೆ, ಸೊಸೆಯ ಕಥೆ, ಮಂಡಿನೋವಿನ ಕಥೆ ಎಲ್ಲ ಕೇಳುತ್ತಿದ್ದಳು. ಅವಳು ಏಳುವ ಹೊತ್ತಿಗೆ, ಈ ಮಂಡಿ ಇಟ್ಟುಕೊಂಡು ಇಷ್ಟೊಂದು ಮೆಟ್ಟಿಲು ನಾವಾದರೂ ಯಾಕೆ ಹತ್ತಬೇಕು ಎಂದು ಮನೆಯವರಿಗೇ ಅನ್ನಿಸಿರುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಂದು ಪಾಲುದಾರರು ಹೊಗಳುತ್ತಿದ್ದರು.

ತಮ್ಮ ದೊಡ್ಡವನಾಗಿ ಅದೇ ಕಂಪನಿಯಲ್ಲಿ ಕಟ್ಟಡಗಳ ಉಸ್ತುವಾರಿಗೆ ನಿಂತ. ಸೊಂಟದಲ್ಲಿ ಸದಾ ಝಣಗುಡುವ ಕೀಲಿಗಳ ಗೊಂಚಲು. ಗಂಟೆ ಕಟ್ಟಿದ ಎಮ್ಮೆಯಾದರೂ ಕಳೆದುಹೋದೀತು, ಇವನು ಕಳೆದುಹೋಗುವುದು ಮಾತ್ರ ಸಾಧ್ಯವೇ ಇಲ್ಲ ಎಂದು ಆಫೀಸಿನವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಮುಚ್ಚಿದ ಸಿನಿಮಾ ಮಂದಿರದ ಹಿಂದಿನ ಕಟ್ಟಡದಲ್ಲಿ ಮಾತ್ರ ಅವಳ ವಿದ್ಯೆ ಪೂರ್ತಿ ನಡೆಯಲಿಲ್ಲ. ಕೆಳಗಿನ ಮಹಡಿಗಳು ಖಾಲಿಯಾದವು, ಮೇಲಿನ ಕೆಲವರು ಜಪ್ಪಯ್ಯ ಅಂದರೂ ಕದಲಲಿಲ್ಲ. ಅವರಲ್ಲೊಬ್ಬಳು ಶಾಲೆಯ ಸಮವಸ್ತ್ರ ಹೊಲಿದುಕೊಡುತ್ತಿದ್ದ ಹೆಂಗಸು. ಕಾಯಿಲೆಯ ಗಂಡ, ಹೈಸ್ಕೂಲಿಗೆ ಹೋಗುವ ಮಗಳು. ಮೇಡಂ ಅವಳ ಮನೆಗೂ ಹೋಗಿ ಕೂತು ಬಂದಿದ್ದಳು. ಹೊಲಿಗೆಯವಳು ಎಲ್ಲವನ್ನೂ ಕೇಳಿ, ನನ್ನ ಗಿರಾಕಿಗಳೆಲ್ಲ ಇದೇ ಬೀದಿಯಲ್ಲಿದ್ದಾರೆ, ಬೇರೆ ಕಡೆ ನನ್ನನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂದಿದ್ದಳು.

ಹಣ ಹೂಡಿದವರು ಅವಸರ ಮಾಡತೊಡಗಿದರು. ಕಂಪನಿ ಮೊದಲು ರಿಪೇರಿಯ ನೆಪದಲ್ಲಿ ಲಿಫ್ಟ್ ನಿಲ್ಲಿಸಿತು. ಆಮೇಲೆ ಮುಂದಿನ ಮೆಟ್ಟಿಲಿನ ದೀಪ ತೆಗೆಸಿತು. ಆದರೂ ಜನ ಹಿಂದಿನ ಮೆಟ್ಟಿಲು ಹತ್ತಿ ಇಳಿದು ಕಾಲ ಹಾಕುತ್ತಿದ್ದರು. ಅವಳು ತಮ್ಮನಿಗೆ ಫೋನ್ ಮಾಡಿ, ಆ ಹಿಂಬಾಗಿಲಿಗೂ ಬೀಗ ಹಾಕು ಎಂದಳು.

“ಅಕ್ಕ, ಮೇಲೆ ಇನ್ನೂ ಜನ ಇದಾರೆ. ಅದೊಂದು ಬೇಡ,” ಎಂದ ಅವನು.

“ಅವರು ಹೋಗ್ಲಿ ಅಂತಾನೇ ಹಾಕೋದು. ಹೋದ್ಮೇಲೆ ತೆಗಿ.”

ಅಕ್ಕನ ಮಾತನ್ನು ಅವನು ಯಾವತ್ತೂ ಮೀರಿದವನಲ್ಲ. ಬೀಗ ಹಾಕಿದ.

ಕೆಲವೇ ದಿನಗಳಲ್ಲಿ, ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ, ಖಾಲಿ ಮಹಡಿಯ ಹಳೆಯ ವೈರಿಂಗ್‌ನಿಂದ ಬೆಂಕಿ ಎದ್ದಿತು. ಮುಂದಿನ ಮೆಟ್ಟಿಲಿನ ತುಂಬ ಹೊಗೆ. ಮೇಲಿದ್ದವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗಿದ್ದರು. ಹೊಲಿಗೆಯವಳು ಗಂಡನನ್ನು ಹೊತ್ತುಕೊಂಡಂತೆ ಎಳೆಯುತ್ತ, ಮಗಳನ್ನು ಮುಂದೆ ಬಿಟ್ಟುಕೊಂಡು, ಬೇರೆ ದಾರಿಯಿಲ್ಲದೆ ಹಿಂಬಾಗಿಲಿಗೇ ಬಂದಳು. ಕಬ್ಬಿಣದ ಬಾಗಿಲು. ಅದು ಕಾದು ಕೆಂಡವಾಗುವವರೆಗೂ ಅಂಗೈಯಲ್ಲಿ ಬಡಿದಳು. ಅಗ್ನಿಶಾಮಕದವರು ಒಡೆದು ಒಳಗೆ ಬಂದಾಗ ಅವಳೊಬ್ಬಳಲ್ಲಿ ಮಾತ್ರ ಉಸಿರಿತ್ತು.

ವಿಚಾರಣೆ ಶುರುವಾಗುವ ಹಿಂದಿನ ದಿನ ತಮ್ಮ ಅಕ್ಕನ ಮನೆಗೆ ಬಂದ. ಬೀಗ ಹಾಕಿದ್ದು ನಾನೇ, ಆಫೀಸಿಗೆ ತಿಳಿಸಿರಲಿಲ್ಲ ಎಂದು ಹೇಳುತ್ತೇನೆ, ನೀನು ಒಳಗೆ ಹೋದರೆ ಇಷ್ಟು ವರ್ಷ ಕಟ್ಟಿದ್ದೆಲ್ಲ ಮಣ್ಣುಪಾಲಾಗುತ್ತದೆ ಎಂದ. ಅವಳಾಗಿ ಕೇಳಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಅವನು ಹೇಳಿ ಮುಗಿಸಿದ ಮೇಲೆ, ಕೈ ತೊಳೆದುಕೊ, ಊಟ ಮಾಡು ಎಂದಳು. ಅಷ್ಟೇ.

ತಮ್ಮ ಜೈಲಿಗೆ ಹೋದ. ಕಟ್ಟಡ ಅಂತೂ ಖಾಲಿಯಾಗಿತ್ತು, ಜಾಗ ಒಳ್ಳೆಯ ಬೆಲೆಗೆ ಹೋಯಿತು. ಅವಳು ತನ್ನ ಪಾಲನ್ನೆಲ್ಲ ಸುರಿದು ಊರಿನ ಆಸ್ಪತ್ರೆಯಲ್ಲಿ ಸುಟ್ಟಗಾಯದವರಿಗೊಂದು ವಾರ್ಡು ಕಟ್ಟಿಸಿದಳು. ಮೊದಮೊದಲು ಅದರ ಬಾಗಿಲಲ್ಲಿ ನಿಂತು ವಾಪಸಾಗುತ್ತಿದ್ದವಳು, ಬರಬರುತ್ತ ಹಾಸಿಗೆಗಳ ನಡುವೆ ಓಡಾಡಿ ನರಳುವವರ ಕಥೆಯನ್ನೂ ಕೇಳತೊಡಗಿದಳು. ಕಂಪನಿ ಬೆಳೆಯಿತು. ವಾರ್ಡಿನ ಜೊತೆಗೆ ಒಂದು ಶಾಲೆ, ಒಂದು ವಿಧವೆಯರ ವಸತಿಗೃಹ ಸೇರಿಕೊಂಡವು. ಪತ್ರಿಕೆಗಳು ಅವಳನ್ನು ಕೊಡುಗೈ ದಾನಿ ಎಂದವು. ತಿಂಗಳಿಗೊಮ್ಮೆ ಜೈಲಿಗೆ ಹೋದಾಗ ಅಕ್ಕ ತಮ್ಮ ಇಬ್ಬರೂ ಅವನಿಗೆ ಅಲ್ಲಿ ಹತ್ತಿದ ಕೆಮ್ಮಿನ ಬಗ್ಗೆಯಷ್ಟೇ ಮಾತಾಡುತ್ತಿದ್ದರು.

ಬಿಡುಗಡೆಯಾಗಿ ಬಂದವನ ತಲೆ ಪೂರ್ತಿ ನರೆತಿತ್ತು. ಅವನಿಗಿದ್ದದ್ದು ಒಂದೇ ಹಟ, ಆ ಹೊಲಿಗೆಯವಳನ್ನು ಕಂಡು ಕ್ಷಮೆ ಕೇಳಬೇಕು. ಅಕ್ಕ ಎಷ್ಟು ತಡೆದರೂ ಕೇಳಲಿಲ್ಲ. ಬಾಯಿ ಬಿಟ್ಟಾನೇನೋ ಎಂಬ ಹೆದರಿಕೆಗೆ ಅವಳೂ ಜೊತೆಗೆ ಹೊರಟಳು.

ಅಂಗಡಿಯೊಂದರ ಹಿಂದೆ ಕಿಟಕಿಯಿಲ್ಲದ ಕೋಣೆ. ಹೊಲಿಗೆಯವಳ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕರೆಯಬೇಕಿತ್ತು, ನೇರ ಹೊಲಿಗೆಯ ದಿಂಬಿನ ಚೀಲ ಬಿಟ್ಟರೆ ಬೇರೆ ಏನೂ ಆಗುತ್ತಿರಲಿಲ್ಲ. ಮೇಡಂ ಕಟ್ಟಿಸಿದ ವಾರ್ಡಿನಲ್ಲೇ ಅವಳಿಗೆ ಮುಂದಿನ ವರ್ಷಗಳ ಚಿಕಿತ್ಸೆಯಾಗಿತ್ತು. ಹಾಗಾಗಿ ಇದ್ದೊಂದು ಕುರ್ಚಿಯನ್ನು ಒರೆಸಿ ಮೇಡಂಗೆ ಹಾಕಿದಳು. ತಮ್ಮ ಬಾಗಿಲ ಬಳಿಯೇ ನಿಂತು, ಕ್ಷಮಿಸಿ ಅನ್ನುವ ಮಾತು ಸಾಲುವುದಿಲ್ಲವೆಂದು ಗೊತ್ತು, ಆದರೂ ಹೇಳದೆ ಸಾಯಬಾರದು ಅಂತ ಬಂದೆ ಎಂದ.

ಹೊಲಿಗೆಯವಳು ಕೈಯಲ್ಲಿದ್ದ ದಿಂಬಿನ ಚೀಲವನ್ನು ಪಕ್ಕಕ್ಕಿಟ್ಟಳು.

“ಬೀಗ ಹಾಕಿದ್ದು ಯಾರು ಅಂತ ಕೋರ್ಟಲ್ಲಿ ಎಲ್ಲರೂ ಕೇಳಿದ್ರು. ಯಾಕೆ ಅಂತ ಯಾರೂ ಕೇಳ್ಲಿಲ್ಲ. ಯಾಕಪ್ಪ ಹಾಕ್ದೆ?”

“ಕಳ್ಳರ ಕಾಟ ಇತ್ತು,” ಎಂದ ತಮ್ಮ, ನೆಲ ನೋಡುತ್ತ.

“ಕದಿಯೋಕೆ ನಮ್ಮನೇಲಿ ಏನಿತ್ತು? ನಿಜ ಹೇಳು. ನಂಗೆ ಬೇಕಾಗಿರೋದು ಅದೊಂದೇ.”

ಅವನು ಬಾಯಿ ತೆರೆದ, ಕೆಮ್ಮು ಬಂತು. ಗೋಡೆ ಹಿಡಿದು ಬಾಗಿ ಕೆಮ್ಮುವ ಆ ಬೆನ್ನನ್ನು ಅಕ್ಕ ನೋಡಿದಳು. ಮಾತು ಅವಳನ್ನು ಕೇಳದೆಯೇ ಹೊರಬಿತ್ತು.

“ನೀವು ಬೇಸತ್ತು ಬಿಟ್ಟುಹೋಗ್ಲಿ ಅಂತ. ಹಾಕಿಸಿದ್ದು ನಾನು. ಇವನು ಬೇಡ ಅಂದಿದ್ದ.”

ಹೊಲಿಗೆಯವಳು ಅಳಲಿಲ್ಲ. “ನೀವು ನಮ್ಮನೆಗೆ ಬಂದಿದ್ರಿ. ನನ್ನ ಮಗಳು ನಿಮಗೆ ನೀರು ತಂದುಕೊಟ್ಲು.”

“ಹೌದು.”

“ಆ ಕುರ್ಚಿ ಬಿಟ್ಟು ಏಳಿ,” ಎಂದಳು ಹೊಲಿಗೆಯವಳು.

ಮರುದಿನವೇ ಹೊಲಿಗೆಯವಳು ಪೊಲೀಸ್ ಠಾಣೆಗೆ ಹೋದಳು. ಅಕ್ಕನೂ ವಕೀಲರ ಮಾತು ಕೇಳದೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಪ್ರಕರಣ ಮತ್ತೆ ತೆರೆಯಿತು. ಆ ಫೋನ್ ಮಾತಿಗೆ ಸಾಕ್ಷಿ ಇದ್ದದ್ದು ಒಬ್ಬನೇ, ತಮ್ಮ. ಅವನು ಕಟಕಟೆಯಲ್ಲಿ ನಿಂತು, ಅಂಥ ಫೋನೇ ಬಂದಿರಲಿಲ್ಲ, ನನ್ನನ್ನು ಹೆತ್ತ ತಾಯಿಗಿಂತ ಹೆಚ್ಚಾಗಿ ಸಾಕಿದವಳು, ನನ್ನ ಕಳಂಕ ತೊಳೆಯಲು ಸುಳ್ಳು ಹೇಳುತ್ತಿದ್ದಾಳೆ ಎಂದ. ನ್ಯಾಯಾಧೀಶರು ಅವನನ್ನು ನಂಬಿದರು. ಪತ್ರಿಕೆಯವರಿಗೆ ಹಬ್ಬವಾಯಿತು. ತಮ್ಮನ ಪಾಪವನ್ನು ತಾನು ಹೊರಲು ಹೊರಟ ಅಕ್ಕ ಎಂದು ಬರೆದರು. ಅವಳ ರಾಜೀನಾಮೆಯನ್ನು ಪಾಲುದಾರರು ಎರಡೂ ಕೈ ಮುಗಿದು ವಾಪಸು ಕೊಟ್ಟರು.

ಕೋರ್ಟಿನ ಮೆಟ್ಟಿಲ ಮೇಲೆ ಅವಳು ತಮ್ಮನ ತೋಳು ಹಿಡಿದು, ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು.

“ಅಷ್ಟು ವರ್ಷ ಒಳಗಿದ್ದೆನಲ್ಲ, ನಿನಗೋಸ್ಕರ ಅಂತ ಇದ್ದೆ,” ಎಂದ ಅವನು. “ಅದನ್ನೂ ಕಿತ್ಕೊಂಡ್ರೆ ನನ್ನ ಹತ್ರ ಏನುಳಿಯುತ್ತೆ? ನೀನು ನಿನ್ನ ಮನಸ್ಸು ಹಗುರ ಆಗ್ಲಿ ಅಂತ ಆ ಹೆಂಗಸಿಗೆ ಹೇಳ್ದೆ. ನನ್ನನ್ನ ಒಂದು ಮಾತು ಕೇಳಿದ್ಯಾ?”

ಅವನು ಅದೇ ವಾರ ಬಟ್ಟೆ ಕಟ್ಟಿಕೊಂಡು ಬೇರೆ ಊರಿಗೆ ಹೋದ. ಫೋನ್ ಮಾಡಿದರೆ ಎತ್ತುತ್ತಾನೆ, ಕೆಮ್ಮು ಹೇಗಿದೆ ಅಂದರೆ ಹಾಗೇ ಇದೆ ಅನ್ನುತ್ತಾನೆ.

ಅವಳು ಈಗಲೂ ವಾರ್ಡಿಗೆ ಹೋಗುತ್ತಾಳೆ. ಹೊಲಿಗೆಯವಳಿಗೆ ಬೆರಳು ಬಿಡಿಸುವ ಆಪರೇಷನ್ ಒಂದು ಬಾಕಿ ಇತ್ತು, ಆಕೆ ಬರುವುದನ್ನೇ ನಿಲ್ಲಿಸಿದ್ದಾಳೆ ಎಂದು ಒಮ್ಮೆ ಡಾಕ್ಟರು ಹೇಳಿದರು. ಮುಂಜಾನೆ ಬಸ್ಸು ಹತ್ತಿ ದೂರದ ಇನ್ನೊಂದು ಆಸ್ಪತ್ರೆಗೆ ಹೋಗುತ್ತಾಳಂತೆ, ಅಲ್ಲಿ ಸಾಲಿನಲ್ಲಿ ಕಾದು ಸಂಜೆಗೆ ಮರಳುತ್ತಾಳಂತೆ. ಅಲ್ಲಿ ಬೆರಳು ಬಿಡಿಸಿದರಾ ಎಂದು ಅಕ್ಕ ಕೇಳಿದಳು. ಅದು ತಮಗೆ ಗೊತ್ತಿಲ್ಲ ಎಂದು ಡಾಕ್ಟರು ಮುಂದಿನ ಹಾಸಿಗೆಯತ್ತ ಹೋದರು.